ನೀರಿನಡಿಯ ಬಿಸಿಲು

ರಾಯಚೂರು ಸ್ಟೇಷನ್‌ನಲ್ಲಿ ಚೆನ್ನೈ ಗಾಡಿ ಹತ್ತುವಾಗ ಅವ್ವ ಕಡಕ್ ರೊಟ್ಟಿಯ ಗಂಟು, ಶೇಂಗಾ ಚಟ್ನಿ ಡಬ್ಬಿ ಕೈಗಿಟ್ಟಳು. "ಭಾಳ ಆಳಕ್ಕ ಇಳಿಬ್ಯಾಡ್ರೆಪ್ಪಾ" ಅಂತ ನನಗೂ ತಮ್ಮನಿಗೂ ನಾಲ್ಕು ಸಲ ಹೇಳಿದಳು. ಚೆನ್ನೈಯಿಂದ ವಿಮಾನದಲ್ಲಿ ಪೋರ್ಟ್ ಬ್ಲೇರ್, ಅಂದರೆ ಈಗಿನ ಶ್ರೀ ವಿಜಯಪುರಂ. ಅಲ್ಲಿಂದ ಹಡಗಿನಲ್ಲಿ ಸ್ವರಾಜ್ ದ್ವೀಪ. 2018ರವರೆಗೆ ಅದರ ಹೆಸರು ಹ್ಯಾವ್‌ಲಾಕ್.

ನಾವು ಈಜು ಕಲಿತಿದ್ದು ಕಾಲುವೆಯಲ್ಲಿ. ಆ ಕೆಂಪು ನೀರಿನಲ್ಲಿ ಮೊಣಕೈ ಮುಳುಗಿದರೆ ಬೆರಳು ಕಾಣುವುದಿಲ್ಲ. ಇಲ್ಲಿ ದೋಣಿಯಲ್ಲಿ ಕೂತರೇ ತಳದ ಮರಳು ಕಾಣುತ್ತಿತ್ತು.

ಡೈವಿಂಗ್ ಕಲಿಸುವ ಹುಡುಗ ಮೊದಲು ಎದೆಮಟ್ಟದ ನೀರಿನಲ್ಲಿ ನಿಲ್ಲಿಸಿ ಪಾಠ ಹೇಳಿದ. ಬಾಯಲ್ಲೇ ಉಸಿರಾಡಿ, ಉಸಿರು ಕಟ್ಟಬೇಡಿ. ಕಿವಿ ನೋವಾದರೆ ಮೂಗು ಹಿಡಿದು ಮೆಲ್ಲಗೆ ಊದಿ. ಹೆಬ್ಬೆರಳು ಎತ್ತಿದರೆ 'ಮೇಲೆ ಹೋಗೋಣ' ಅಂತ ಅರ್ಥ. ಏನನ್ನೂ ಮುಟ್ಟಬೇಡಿ, ಹವಳದ ಮೇಲೆ ಕಾಲಿಡಲೇಬೇಡಿ.

ಒಳಗೆ ನನ್ನ ಉಸಿರಿನ ಗುಳುಗುಳು ಬಿಟ್ಟು ಬೇರೆ ಸದ್ದೇ ಇರಲ್ಲ ಅಂದುಕೊಂಡಿದ್ದೆ. ಆದರೆ ಹತ್ತಿರದಲ್ಲೇ ಕಟ್, ಕಟ್ ಅಂತ ಕೇಳಿಸಿತು, ಅವ್ವನ ಕಡಕ್ ರೊಟ್ಟಿ ಮುರಿದ ಹಾಗೆ! ತಿರುಗಿದರೆ ಹಸಿರು-ನೀಲಿ ಗಿಳಿಮೀನು. ಗಿಳಿಯ ಕೊಕ್ಕಿನಂಥ ಹಲ್ಲಿನಿಂದ ಕಲ್ಲನ್ನೇ ಕಡಿಯುತ್ತಿತ್ತು. ಅದಕ್ಕೆ ಬೇಕಾದದ್ದು ಪಾಚಿ. ಜೊತೆಗೆ ಹೊಟ್ಟೆಗೆ ಹೋದ ಹವಳದ ಕಲ್ಲು ನುಣ್ಣನೆ ಮರಳಾಗಿ ಹೊರಗೆ ಬರುತ್ತದೆ. ಇಂಥ ದ್ವೀಪಗಳ ಬಿಳಿ ಮರಳಿನಲ್ಲಿ ಈ ಮೀನಿನ ದುಡಿಮೆಯೂ ಇದೆ.

ಸ್ವಲ್ಪ ಮುಂದೆ ಜಿಂಕೆ ಕೊಂಬಿನಂತೆ ಕವಲೊಡೆದ ಹವಳ. ಒಂದು ಗುಂಪು ಕಂದು ಬಣ್ಣ, ಪಕ್ಕದ್ದು ಸುಣ್ಣ ಬಳಿದಷ್ಟು ಬಿಳಿ. ಎಷ್ಟು ಚೆಂದ ಅನ್ನಿಸಿತು. ದೋಣಿಗೆ ಬಂದ ಮೇಲೆ ಆ ಹುಡುಗ ಹೇಳಿದ: "ಅದು ಚೆಂದ ಅಲ್ಲ ಸರ್, ಅದು ಉಪವಾಸ ಬಿದ್ದಿದೆ."

ಹವಳ ಗಿಡವಲ್ಲ, ಪ್ರಾಣಿ. ಅದರ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ಇರುತ್ತದೆ. ಹವಳದ ಬಣ್ಣ ಆ ಪಾಚಿಯದ್ದು, ಹೆಚ್ಚಿನ ಊಟ ಕೊಡುವುದೂ ಅದೇ. ಸಮುದ್ರದ ನೀರು ಬೇಸಿಗೆಯ ಮಾಮೂಲಿ ಬಿಸಿಗಿಂತ ಒಂದು ಡಿಗ್ರಿ ಜಾಸ್ತಿಯಾಗಿ ಕೆಲವು ವಾರ ಹಾಗೇ ನಿಂತರೆ ಹವಳ ಆ ಪಾಚಿಯನ್ನು ಹೊರಹಾಕುತ್ತದೆ. ಬೇಗ ತಂಪಾದರೆ ಚೇತರಿಸಿಕೊಳ್ಳಬಹುದು, ಇಲ್ಲವಾದರೆ ಸಾಯುತ್ತದೆ. ಅಂಡಮಾನಿನಲ್ಲಿ 2010ರಲ್ಲೂ 2016ರಲ್ಲೂ ಹೀಗೆ ಹವಳ ಬಿಳುಚಿಕೊಂಡಿತ್ತು.

ಒಂದೇ ಡಿಗ್ರಿ! ನಮ್ಮೂರಲ್ಲಿ 42 ಡಿಗ್ರಿ ಸುಡುವಾಗ ನಾವು ಬೇವಿನ ನೆರಳು ಹುಡುಕುತ್ತೇವೆ, ಮಧ್ಯಾಹ್ನ ಬಾಗಿಲು ಹಾಕಿಕೊಳ್ಳುತ್ತೇವೆ. ಹವಳ ಎಲ್ಲಿಗೆ ಹೋಗಬೇಕು? ಹುಟ್ಟಿದ ಕಲ್ಲಿಗೇ ಅಂಟಿಕೊಂಡಿರುತ್ತದೆ ಅಲ್ವಾ. ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಹತ್ತಲಿಲ್ಲ.

ಮರುದಿನ ದಡದಲ್ಲಿ ತಮ್ಮ ತನ್ನ ಮಗಳಿಗೆಂದು ಒಂದು ಸತ್ತ ಹವಳದ ತುಂಡು ಎತ್ತಿಕೊಂಡ. ದೋಣಿಯವರು ಬೇಡ ಅಂದರು. ಗಟ್ಟಿ ಹವಳಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ, ಸತ್ತದ್ದನ್ನೂ ಒಯ್ಯುವಂತಿಲ್ಲ. ತಮ್ಮ ಅದನ್ನು ಅಂಗೈಯಲ್ಲಿಟ್ಟು ಫೋಟೊ ತೆಗೆದ. ಮೈತುಂಬ ಸಾಸಿವೆ ಕಾಳಿನಷ್ಟು ಗುಳಿಗಳು, ಒಂದೊಂದರಲ್ಲೂ ನಕ್ಷತ್ರದಂತೆ ಸಣ್ಣ ಗೀರುಗಳು. ಒಂದೊಂದು ಗುಳಿಯೂ ಒಂದು ಜೀವ ಇದ್ದ ಮನೆ. ಎತ್ತಿದ ಜಾಗದಲ್ಲೇ ಇಟ್ಟು ಎದ್ದ.