ಮೊಂತಿ ಹಬ್ಬಕ್ಕೆ ಮೇ ತಿಂಗಳಲ್ಲೇ ಬಿತ್ತುವ ಅಜ್ಜಿ

ಸೆಪ್ಟೆಂಬರ್ 8 ಮಾತೆ ಮರಿಯಮ್ಮನ ಹುಟ್ಟುಹಬ್ಬ. ಕರಾವಳಿಯ ಕೊಂಕಣಿ ಕ್ರೈಸ್ತರಿಗೆ ಅದೇ ಮೊಂತಿ ಹಬ್ಬ, ಹೊಸ ಕದಿರಿನ ಹಬ್ಬ. ಘಟ್ಟ ಹತ್ತಿ ಬಂದ ಮನೆತನಗಳು ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಗೆ ಹಬ್ಬವನ್ನೂ ಜೊತೆಗೇ ತಂದವು. ಆದರೆ ಇಲ್ಲಿನ ಗದ್ದೆ ಆ ತಾರೀಖಿಗೆ ಒಪ್ಪುವುದಿಲ್ಲ. ಮಲೆನಾಡಿನಲ್ಲಿ ಆಗಸ್ಟ್‌ವರೆಗೂ ನಾಟಿ ನಡೆಯುತ್ತದೆ. ಪೈರು ಬಸುರಿ ಎಂದು ಗದ್ದೆಗೆ ಬಯಕೆ ಬಡಿಸುವ ಭೂಮಿ ಹುಣ್ಣಿಮೆ ಬರುವುದೇ ಅಕ್ಟೋಬರ್ ಹೊತ್ತಿಗೆ. ಹಾಗಿದ್ದರೆ ಸೆಪ್ಟೆಂಬರ್ ಮೊದಲ ವಾರಕ್ಕೆ ಕದಿರು ಎಲ್ಲಿಂದ? ಕೆಳಗಿನಿಂದ ಕಟ್ಟು ತರಿಸುವುದುಂಟು. ಮನೆಯಲ್ಲಿ ಅಜ್ಜಿ ಇದ್ದರೆ ಬಕೆಟ್ಟಿನಲ್ಲೇ ಬೆಳೆಯುವುದೂ ಉಂಟು.

ಲೆಕ್ಕ ಹೀಗೆ. ಜ್ಯೋತಿಯಂಥ 120 ದಿನದೊಳಗಿನ ತಳಿ ಕೊಯ್ಲಿಗೆ ಸುಮಾರು 30 ದಿನ ಮೊದಲು ಕದಿರು ಹೊರಡಿಸುತ್ತದೆ. ಮೇ 20ರ ಸುಮಾರಿಗೆ ಬಿತ್ತಿದರೆ ಹಬ್ಬದ ಹೊತ್ತಿಗೆ ಕಾಳು ಗಟ್ಟಿಯಾಗಿರುತ್ತದೆ. ಮೋಡದ ತಂಪಿನಲ್ಲಿ ಪೈರು ನಿಧಾನ, ಆದ್ದರಿಂದ ಒಂದು ವಾರ ಮೊದಲೇ ಬಿತ್ತುವುದು ಕ್ಷೇಮ. ತೂತಿಲ್ಲದ ಹಳೆಯ ಬಕೆಟ್ಟಿಗೆ ಮುಕ್ಕಾಲು ಪಾಲು ಗದ್ದೆಯ ಮಣ್ಣು, ಎಂಟು ಹತ್ತು ಕಾಳು, ಸಸಿ ಎದ್ದ ಮೇಲೆ ಎರಡು ಇಂಚು ನೀರು. ಗೊಬ್ಬರ ಹೆಚ್ಚಾದರೆ ಬರೀ ಎಲೆ ಕೊಬ್ಬಿ ಕದಿರು ತಡವಾಗುತ್ತದೆ. ಭತ್ತದ ಹೂ ಅರಳುವುದು ಬೆಳಿಗ್ಗೆ ಒಂಬತ್ತು ಗಂಟೆಯ ಮೇಲೆ, ಮಧ್ಯಾಹ್ನದೊಳಗೆ. ಆ ವಾರ ಜಡಿಮಳೆ ಬಡಿದರೆ ಪರಾಗ ತೊಳೆದುಹೋಗಿ ಜೊಳ್ಳಾಗುತ್ತದೆ, ಬಕೆಟ್ಟನ್ನು ಸೂರಿನಡಿಗೆ ಎಳೆದಿಡಬೇಕು. ಹಾಲುಗಾಳಾದಾಗ ಹಕ್ಕಿಗಳು ಬಿಡುವುದಿಲ್ಲ, ಹಳೆಯ ಸೊಳ್ಳೆಪರದೆ ಹೊದಿಸಿದರೆ ಸಾಕು.

ಬಕೆಟ್ ಎಳೆಯುವುದು ಮೊಮ್ಮಗನ ಕೆಲಸ, ಪರದೆ ಮೊಮ್ಮಗಳದ್ದು. ಅಜ್ಜಿ ಭಕ್ತಿಯ ಬಗ್ಗೆ ಮಾತಾಡುವುದು ಕಡಿಮೆ, ಕೆಲಸ ಹಂಚುವುದು ಹೆಚ್ಚು. ಉಪದೇಶ ಕೇಳಿ ಇಗರ್ಜಿಗೆ, ಅಂದರೆ ಚರ್ಚಿಗೆ, ಬಂದ ಹದಿಹರೆಯದವರು ವಿರಳ. ತಾನಿಲ್ಲದಿದ್ದರೆ ಕೆಲಸ ನಿಲ್ಲುತ್ತದೆ ಎಂದು ಬಂದವರು ಬೇಕಾದಷ್ಟು. ಬೈಬಲಿನಲ್ಲಿ ಪೌಲನು ತಿಮೊಥೇಯನಿಗೆ ಬರೆದ ಎರಡನೆಯ ಪತ್ರದ ಮೊದಲ ಅಧ್ಯಾಯದಲ್ಲಿ, ಆ ಹುಡುಗನ ನಂಬಿಕೆ ಮೊದಲು ನೆಲೆಸಿದ್ದು ಅಜ್ಜಿ ಲೋವಿಯಲ್ಲಿ ಎಂದಿದೆ. ಲೋವಿ ಹೇಗೆ ಕಲಿಸಿದಳೆಂದು ಅಲ್ಲಿ ಬರೆದಿಲ್ಲ. ಏನೋ ಒಂದು ಕೆಲಸ ಹಚ್ಚಿರಬೇಕು.

ಆಗಸ್ಟ್ 30ರಿಂದ ಒಂಬತ್ತು ದಿನ ನೊವೇನಾ ಪ್ರಾರ್ಥನೆ. ಮಕ್ಕಳು ತಟ್ಟೆ ತುಂಬ ಹೂ ಒಯ್ದು ಬಾಲೆ ಮರಿಯಮ್ಮನ ಪ್ರತಿಮೆಗೆ ಎರಚುತ್ತಾರೆ. ಮಳೆಗಾಲ ನಮ್ಮ ಕಡೆ ಡೇರೆ ಹೂವಿನ ಕಾಲ, ಅದೊಂದು ಅದೃಷ್ಟ. ಆದರೆ ಒದ್ದೆ ಡೇರೆಯನ್ನು ಪ್ಲಾಸ್ಟಿಕ್ ಚೀಲಕ್ಕೆ ತುರುಕಿದರೆ ಬೆಳಗಾಗುವುದರೊಳಗೆ ಎಸಳು ಕಂದುತ್ತದೆ. ಸಂಜೆಯೇ ಕೊಯ್ದು, ಕೊಡವಿ, ಮೊರದಲ್ಲಿ ತೆಳ್ಳಗೆ ಹರಡಬೇಕು. ಗಣೇಶ ಚೌತಿಯೂ ಅದೇ ಸುಮಾರಿಗೆ ಬಂದರೆ ಕೇರಿಯಲ್ಲಿ ಹೂವಿಗೆ ಬರ. ಅದಕ್ಕೇ ಅಜ್ಜಿ ಮೇ ತಿಂಗಳಲ್ಲೇ ಪಕ್ಕದ ಮನೆಗೆ ಡೇರೆ ಗೆಡ್ಡೆ ಕೊಟ್ಟು, ಅವರಿಂದ ಕರ್ಣಕುಂಡಲದ ಬೀಜ ಇಸಿದುಕೊಂಡಿರುತ್ತಾಳೆ.

ರಾತ್ರಿಯ ತೇರ್ಸ್, ಅಂದರೆ ಜಪಸರದ ಪ್ರಾರ್ಥನೆ, ಮಾತ್ರ ಹಬ್ಬ ನೋಡಿ ಬರುವುದಲ್ಲ, ವರ್ಷವಿಡೀ ನಡೆಯುವಂಥದ್ದು. ಜಪಸರದಲ್ಲಿ 59 ಮಣಿ. ದಿನಕ್ಕೆ ಐದು ರಹಸ್ಯ, ಅಂದರೆ ಯೇಸು, ಮರಿಯಮ್ಮನ ಬದುಕಿನ ಘಟನೆಗಳ ಧ್ಯಾನ, ಒಂದೊಂದಕ್ಕೆ ಹತ್ತು ನಮೋ ಮರಿಯ. ಸೋಮವಾರ, ಶನಿವಾರ ಸಂತೋಷದ ರಹಸ್ಯ. ಮಂಗಳವಾರ, ಶುಕ್ರವಾರ ದುಃಖದ್ದು. ಬುಧವಾರ, ಭಾನುವಾರ ಮಹಿಮೆಯದು. ಗುರುವಾರದ ಬೆಳಕಿನ ರಹಸ್ಯವನ್ನು ಪೋಪ್ ಎರಡನೆಯ ಜಾನ್ ಪಾಲ್ ಸೇರಿಸಿದ್ದು 2002ರಲ್ಲಿ, ಹಾಗಾಗಿ ಅದನ್ನು ಅಜ್ಜಿಗೆ ಕಲಿಸಿದ್ದು ಮೊಮ್ಮಕ್ಕಳೇ. ಇಪ್ಪತ್ತು ನಿಮಿಷದ ಜಪ ಹನ್ನೆರಡಕ್ಕೆ ಮುಗಿದರೆ, ನಮೋ ಮರಿಯದಲ್ಲಿ ಮುನ್ನಡೆಸುವವನು ಹೇಳುವ ಮೊದಲರ್ಧ ಮುಗಿಯುವ ಮುನ್ನವೇ ಉಳಿದವರು ಉತ್ತರದ ಎರಡನೆಯರ್ಧಕ್ಕೆ ಹಾರಿದ್ದಾರೆಂದೇ ಅರ್ಥ. ಅಜ್ಜಿ ಬೈಯುವುದಿಲ್ಲ, ಅವಸರ ಮಾಡಿದವನಿಗೇ ಮುಂದಿನ ಹತ್ತನ್ನು ಒಪ್ಪಿಸುತ್ತಾಳೆ. ಮುನ್ನಡೆಸುವವನು ಓಡುವಂತಿಲ್ಲ, ಉತ್ತರಕ್ಕೆ ಕಾಯಲೇಬೇಕು. ಮುಗಿದ ಮೇಲೆ ಕಿರಿಯರು ಕೈಮುಗಿದು ಹಿರಿಯರ ಬೆಸಾಂವ್, ಅಂದರೆ ಆಶೀರ್ವಾದ, ಬೇಡುತ್ತಾರೆ.

ಹಬ್ಬದ ದಿನ ಬಲಿಪೂಜೆಯಲ್ಲಿ ಆಶೀರ್ವದಿಸಿದ ಕದಿರು ಮನೆಯ ಪೀಠಕ್ಕೆ ಬರುತ್ತದೆ. ಮೇಣದಬತ್ತಿ ಹಚ್ಚಿ ಪ್ರಾರ್ಥನೆ, ಆಮೇಲೆ ಕಾಳು ಸುಲಿಯುವುದು. ಇದು ಮನೆಯ ಅತಿ ಕಿರಿಯ ಕೈಗೆ. ಸಿಪ್ಪೆಯ ಮೊನೆ ಉಳಿದರೆ ಗಂಟಲಿಗೆ ಚುಚ್ಚುತ್ತದೆ, ಆದ್ದರಿಂದ ಅಜ್ಜಿ ಪ್ರತಿ ಕಾಳನ್ನೂ ಬೆರಳಲ್ಲಿ ತಡವಿ ನೋಡುತ್ತಾಳೆ. ಸುಲಿದ ಕಾಳನ್ನು ನುಣ್ಣಗೆ ಅರೆದು ತೆಂಗಿನಹಾಲಿನ ಪಾಯಸಕ್ಕೆ ಬೆರೆಸಿ, ಎಲ್ಲರೂ ಮೊದಲು ಅದನ್ನು ಸೇವಿಸಿ ಊಟಕ್ಕೆ ಕೂರುವುದು. ಗಟ್ಟಿಹಾಲು ಬಿದ್ದ ಮೇಲೆ ಪಾಯಸ ಕುದಿಯಬಾರದು, ಒಡೆಯುತ್ತದೆ. ಬಾಳೆಎಲೆಯ ಊಟದಲ್ಲಿ ಮೀನು, ಮಾಂಸ ಇಲ್ಲ. ಪಲ್ಯ ಬೆಸಸಂಖ್ಯೆಯಲ್ಲಿ, ಮೂರು, ಐದು ಅಥವಾ ಏಳು. ಕೆಸುವಿನ ದಂಟಿಗೆ ಹುಳಿ ಕಡಿಮೆಯಾದರೆ ಬಾಯಿ ತುರಿಸುತ್ತದೆ. ಅಮಟೆಕಾಯಿ ಸಿಗದಿದ್ದರೆ ಹುಣಸೆ ನಡೆಯುತ್ತದೆ.

ಬೆಂಗಳೂರಿನಲ್ಲೋ ಕೊಲ್ಲಿಯಲ್ಲೋ ಇರುವವರ ಪಾಲಿನ ಕದಿರು ಅಂಚೆಯಲ್ಲಿ ಹೋಗಬೇಕು. ಈ ಮಳೆಯಲ್ಲಿ ನೇರ ಕವರಿಗೆ ಹಾಕಿದರೆ ತಲುಪುವಷ್ಟರಲ್ಲಿ ಬೂಸ್ಟು. ಒಲೆಯ ಮೇಲಿನ ಅಟ್ಟದಲ್ಲಿ ನಾಲ್ಕೈದು ದಿನ ಒಣಗಿಸಿ, ಕಾಳು ಹಲ್ಲಿಗೆ ಕಟ್ಟೆನ್ನುವಂತಾದ ಮೇಲೆ ಕಾಗದದಲ್ಲಿ ಸುತ್ತಬೇಕು. ವಿಳಾಸ ಬರೆಯುವುದು ಯಾರ ಪಾಳಿ ಎಂಬುದು ಅಷ್ಟರಲ್ಲಿ ಆ ಮನೆಯಲ್ಲಿ ಗೊತ್ತಾಗಿರುತ್ತದೆ.