ಅಂಕ ಮೊದಲೋ, ಆದಾಯ ಮೊದಲೋ

ಪಿಯುಸಿ ಫಲಿತಾಂಶ ಬಂದ ಮೇಲೆ ಶಿರಸಿಯ ಸುತ್ತಲಿನ ಪಾಲಕರು ನನ್ನಲ್ಲಿ ಕೇಳುವ ಪ್ರಶ್ನೆ ಬಹುತೇಕ ಒಂದೇ ಬಗೆಯದು: "ಮಾಸ್ತರೇ, ಮಗಳಿಗೆ ಒಳ್ಳೆಯ ಅಂಕ ಬಂದಿದೆ, ನಮ್ಮ ಉತ್ಪನ್ನವೂ (ಆದಾಯವೂ) ಅಷ್ಟಕ್ಕಷ್ಟೇ. ಸ್ಕಾಲರ್‌ಶಿಪ್ ಸಿಗಲೇಬೇಕಲ್ಲವೇ?" ಅಂಕವೆಷ್ಟು, ಬಡತನವೆಷ್ಟು ಎಂದು ಎರಡನ್ನೂ ಕೂಡಿಸಿ ಯಾರೋ ಒಂದು ಮೊತ್ತ ತೆಗೆಯುತ್ತಾರೆ, ಒಂದು ಕಡಿಮೆಯಾದರೆ ಇನ್ನೊಂದು ಅದನ್ನು ತುಂಬಿಕೊಡುತ್ತದೆ ಎಂಬ ನಂಬಿಕೆ ಈ ಪ್ರಶ್ನೆಯ ಹಿಂದಿದೆ. ಪ್ರತಿಭೆ ಮತ್ತು ಆರ್ಥಿಕ ಅಗತ್ಯ ಎರಡನ್ನೂ ನೋಡುವ ವಿದ್ಯಾರ್ಥಿವೇತನಗಳಲ್ಲಿ ಹೆಚ್ಚಿನವು ಹಾಗೆ ಕೆಲಸ ಮಾಡುವುದಿಲ್ಲ. ಅವುಗಳಲ್ಲಿ ಒಂದು ಬಾಗಿಲು, ಇನ್ನೊಂದು ಬಾಗಿಲ ಒಳಗಿನ ಸಾಲು. ಯಾವುದು ಬಾಗಿಲು, ಯಾವುದು ಸಾಲು ಎಂಬುದು ಯೋಜನೆಯಿಂದ ಯೋಜನೆಗೆ ಬದಲಾಗುತ್ತದೆ. ಅರ್ಜಿ ಹಾಕುವವರು ಮೊದಲು ತಿಳಿದುಕೊಳ್ಳಬೇಕಾದದ್ದು ಇದನ್ನೇ.

ಕಾಲೇಜು ಮತ್ತು ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಗೆ ಕೇಂದ್ರ ಸರ್ಕಾರ ಕೊಡುವ, ಈಗ ಪಿಎಂ-ಯುಎಸ್‌ಪಿ ಎಂಬ ಹೆಸರಿನಡಿ ಬರುವ ವಿದ್ಯಾರ್ಥಿವೇತನವನ್ನು ನೋಡೋಣ. ವರ್ಷಕ್ಕೆ ದೇಶದಾದ್ಯಂತ 82,000 ಹೊಸ ವಿದ್ಯಾರ್ಥಿಗಳಿಗೆ ಇದು ದೊರೆಯುತ್ತದೆ. ಪದವಿಯ ಮೂರು ವರ್ಷ ತಲಾ 12,000 ರೂಪಾಯಿ, ಸ್ನಾತಕೋತ್ತರದಲ್ಲಿ ವರ್ಷಕ್ಕೆ 20,000 ರೂಪಾಯಿ. ಕುಟುಂಬದ ವಾರ್ಷಿಕ ಆದಾಯ 4.5 ಲಕ್ಷ ರೂಪಾಯಿ ಮೀರಿರಬಾರದು. ಇಲ್ಲಿ ಆದಾಯವೇ ಬಾಗಿಲು. ಒಳಗೆ ಬಂದ ಮೇಲೆ ಒಂದು ಲಕ್ಷದವರ ಮಗನಿಗೂ ನಾಲ್ಕು ಲಕ್ಷದವರ ಮಗಳಿಗೂ ಸಿಗುವ ಮೊತ್ತ ಒಂದೇ. ಹೆಚ್ಚು ಬಡವರೆಂಬ ಕಾರಣಕ್ಕೆ ಯಾರೂ ಸಾಲಿನಲ್ಲಿ ಮುಂದೆ ಹೋಗುವುದಿಲ್ಲ. ಆಯಾ ವಿಭಾಗ, ಮೀಸಲಾತಿಯೊಳಗೆ ಸಾಲನ್ನು ನಿರ್ಧರಿಸುವುದು ದ್ವಿತೀಯ ಪಿಯುಸಿಯ ಅಂಕ.

ಆ ಅಂಕದ ವಿಷಯದಲ್ಲೂ ಒಂದು ಗೊಂದಲವಿದೆ. ಯೋಜನೆ ಕೇಳುವುದು ಶೇಕಡಾ 80 ಅಂಕವನ್ನಲ್ಲ, 80ನೇ ಪರ್ಸೆಂಟೈಲ್‌ಗಿಂತ ಮೇಲಿನ ಸ್ಥಾನವನ್ನು. ಎಂದರೆ ನಿಮ್ಮ ಬೋರ್ಡಿನಲ್ಲಿ ನಿಮ್ಮದೇ ವಿಭಾಗದಲ್ಲಿ ಉತ್ತೀರ್ಣರಾದ ವಿದ್ಯಾರ್ಥಿಗಳ ಪೈಕಿ ಮೇಲಿನ ಐದನೇ ಒಂದು ಭಾಗದಲ್ಲಿ ನೀವಿರಬೇಕು. ಪರೀಕ್ಷೆ ಸುಲಭವಾದ ವರ್ಷ ಶೇಕಡಾ 85 ಪಡೆದವರೂ ಹೊರಗುಳಿಯಬಹುದು, ಕಠಿಣವಾದ ವರ್ಷ ಅದಕ್ಕಿಂತ ಕಡಿಮೆ ಪಡೆದವರೂ ಒಳಬರಬಹುದು. ಜೊತೆಗೆ ಒಟ್ಟು ಸಂಖ್ಯೆಯನ್ನು ವಿಜ್ಞಾನ, ವಾಣಿಜ್ಯ ಮತ್ತು ಕಲಾ ವಿಭಾಗಗಳಿಗೆ 3:2:1ರ ಅನುಪಾತದಲ್ಲಿ ಹಂಚಿ, ಅರ್ಧದಷ್ಟನ್ನು ವಿದ್ಯಾರ್ಥಿನಿಯರಿಗೆ ಮೀಸಲಿಡಲಾಗಿದೆ. ಆದ್ದರಿಂದ ಕಾರವಾರದಲ್ಲಿ ಬಿಎ ಓದುವ ಹುಡುಗಿಯೊಬ್ಬಳು ತನ್ನ ಅಂಕವನ್ನು ಪಕ್ಕದ ಮನೆಯ ಬಿಎಸ್‌ಸಿ ಹುಡುಗನ ಅಂಕಕ್ಕೆ ಹೋಲಿಸಿ ನೋಡಿ, "ನನಗೆಲ್ಲಿ ಸಿಗುತ್ತದೆ" ಎಂದು ಅರ್ಜಿಯನ್ನೇ ಹಾಕದೆ ಕೂರುವುದು ಶುದ್ಧ ನಷ್ಟ. ಅವರಿಬ್ಬರೂ ಒಂದೇ ಸಾಲಿನಲ್ಲಿ ನಿಂತಿಲ್ಲ.

ಐಐಟಿಗಳಲ್ಲಿ ಕ್ರಮ ತಿರುಗಿಬಿಡುತ್ತದೆ. ನಮಗೆ ಹತ್ತಿರದ ಧಾರವಾಡದ ಐಐಟಿಯೇ ಇರಲಿ, ದೂರದ್ದೇ ಇರಲಿ, ಬಿಟೆಕ್ ಪ್ರವೇಶ ನಿರ್ಧಾರವಾಗುವುದು ಜೆಇಇ ಪ್ರವೇಶ ಪರೀಕ್ಷೆಯ ರ‍್ಯಾಂಕ್ ಮತ್ತು ಮೀಸಲಾತಿಯ ಆಧಾರದಲ್ಲಿ. ಆರ್ಥಿಕವಾಗಿ ದುರ್ಬಲರಿಗಿರುವಂಥ ಮೀಸಲಾತಿಯಲ್ಲಿ ಆದಾಯದ ಮಿತಿ ನೋಡುವುದನ್ನು ಬಿಟ್ಟರೆ, ಮನೆಯ ಬಡತನ ಅಲ್ಲಿ ಪ್ರವೇಶಕ್ಕೆ ನೆರವಾಗುವುದಿಲ್ಲ. ಒಳಗೆ ಹೋದ ಮೇಲೆ ಶುಲ್ಕಕ್ಕಾಗಿ ಆದಾಯದ ಲೆಕ್ಕ ಆರಂಭವಾಗುತ್ತದೆ. 2016ರಲ್ಲಿ ವಾರ್ಷಿಕ ಬೋಧನಾ ಶುಲ್ಕವನ್ನು 2 ಲಕ್ಷ ರೂಪಾಯಿಗೆ ಏರಿಸಿದಾಗ, ಕುಟುಂಬದ ಆದಾಯ 1 ಲಕ್ಷಕ್ಕಿಂತ ಕಡಿಮೆಯಿದ್ದವರಿಗೆ ಪೂರ್ತಿ ವಿನಾಯಿತಿ, 1ರಿಂದ 5 ಲಕ್ಷದವರೆಗಿನವರಿಗೆ ಮೂರನೇ ಎರಡು ಭಾಗ ವಿನಾಯಿತಿ, ಪರಿಶಿಷ್ಟ ಜಾತಿ, ಪಂಗಡ ಮತ್ತು ಅಂಗವಿಕಲ ವಿದ್ಯಾರ್ಥಿಗಳಿಗೆ ಆದಾಯ ನೋಡದೆ ಪೂರ್ತಿ ವಿನಾಯಿತಿ ಎಂದು ಗೊತ್ತುಪಡಿಸಲಾಯಿತು. ಇಂಥ ಏರ್ಪಾಡಿನಲ್ಲಿ ಆದಾಯ ಪತ್ರದ ಒಂದು ಸಂಖ್ಯೆ ಸಾವಿರಗಳನ್ನಲ್ಲ, ಲಕ್ಷಗಳನ್ನೇ ಅತ್ತಿತ್ತ ಮಾಡುತ್ತದೆ. ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದಲ್ಲೂ ಆಯ್ಕೆ ಒಂದು ಕಡೆ, ಶುಲ್ಕದಲ್ಲಿ ಕೊಡುವ ನೆರವು ಕುಟುಂಬದ ಆದಾಯ ನೋಡಿ ಇನ್ನೊಂದು ಕಡೆ.

ರಿಲಯನ್ಸ್ ಫೌಂಡೇಶನ್ನಿನ ಪದವಿ ವಿದ್ಯಾರ್ಥಿವೇತನ ಇವೆರಡರ ನಡುವಿನದು. ಆದಾಯದ ಮಿತಿ 15 ಲಕ್ಷ ರೂಪಾಯಿ ಎಂದು ವಿಶಾಲವಾಗಿಯೇ ಇದ್ದರೂ 2.5 ಲಕ್ಷಕ್ಕಿಂತ ಕೆಳಗಿನವರಿಗೆ ಆದ್ಯತೆಯಿದೆ. ಹನ್ನೆರಡನೇ ತರಗತಿಯಲ್ಲಿ ಶೇಕಡಾ 60 ಇದ್ದರೆ ಅರ್ಜಿಗೆ ಅರ್ಹತೆ ಬರುತ್ತದೆ, ಆನ್‌ಲೈನ್ ಸಾಮರ್ಥ್ಯ ಪರೀಕ್ಷೆಯನ್ನೂ ಬರೆಯಬೇಕಾಗುತ್ತದೆ. ಪೂರ್ಣ ಪದವಿಯ ಅವಧಿಗೆ 2 ಲಕ್ಷ ರೂಪಾಯಿವರೆಗೆ ಸಿಗುವುದರಿಂದ ಮೊದಲ ವರ್ಷದ ವಿದ್ಯಾರ್ಥಿಗಳು ಇದನ್ನು ಬಿಡಬಾರದು.

ಇಷ್ಟೆಲ್ಲ ನಿಯಮಗಳನ್ನು ಓದಿದ ಮೇಲೂ ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ನಿಜವಾದ ತೊಡಕು ಉಳಿಯುವುದು ಆದಾಯವೆಂಬ ಆ ಒಂದು ಸಂಖ್ಯೆಯಲ್ಲಿ. ಸಂಬಳದವರ ಆದಾಯವನ್ನು ಕೆಲಸ ಕೊಟ್ಟವರೇ ಕೊಡುವ ಫಾರ್ಮ್ 16 ಎಂಬ ಪತ್ರ ಹೇಳುತ್ತದೆ, ಅದನ್ನು ಹಿಗ್ಗಿಸಲೂ ಆಗದು, ಕುಗ್ಗಿಸಲೂ ಆಗದು. ಅಡಿಕೆ ತೋಟದವರ ಆದಾಯವನ್ನು ಹೇಳುವವರು ಯಾರು? ಕೃಷಿ ಆದಾಯಕ್ಕೆ ಆದಾಯ ತೆರಿಗೆ ಇಲ್ಲದಿರುವುದರಿಂದ ಎಷ್ಟೋ ಮನೆಗಳಲ್ಲಿ ತೆರಿಗೆಯ ಕಾಗದವೇ ಇರುವುದಿಲ್ಲ. ಸೊಸೈಟಿಯಲ್ಲಿ ಮಾರಿದ ಅಡಿಕೆಯ ಪಟ್ಟಿ ಇದ್ದೀತು, ಆದರೆ ಅದು ಬಂದ ಹಣವನ್ನು ತೋರಿಸುತ್ತದೆಯೇ ಹೊರತು ಮರ ಹತ್ತಿ ಅಡಿಕೆ ಕೊಯ್ಯುವ ಕೊನೆಗೌಡರ ಕೂಲಿ, ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣ, ಗೊಬ್ಬರ, ಸುಲಿಸಿದ ಖರ್ಚು ಯಾವುದನ್ನೂ ಕಳೆದು ತೋರಿಸುವುದಿಲ್ಲ. ಮಳೆಗಾಲ ಜೋರಾಗಿ ಕೊಳೆ ಬಂದ ವರ್ಷ ಅದೇ ತೋಟ ಅರ್ಧ ಫಸಲು ಕೊಟ್ಟರೂ ಹಳೆಯ ಉತ್ಪನ್ನ ದಾಖಲೆಯ ಸಂಖ್ಯೆ ಹಾಗೆಯೇ ಇರುತ್ತದೆ. ಇನ್ನು ಪಹಣಿ ಅಜ್ಜನ ಹೆಸರಿನಲ್ಲೇ ಇದ್ದು ಮೂವರು ಮಕ್ಕಳು ಒಂದೇ ತೋಟದಲ್ಲಿ ದುಡಿಯುವ ಮನೆಯಾದರೆ, ಇಡೀ ತೋಟದ ಉತ್ಪನ್ನವನ್ನು ಒಬ್ಬರ ಮೇಲೆ ಹೊರಿಸಬಾರದು ಎಂಬುದನ್ನು ನಾಡಕಚೇರಿಯಲ್ಲಿ ಅರ್ಜಿ ಕೊಡುವಾಗಲೇ, ಗ್ರಾಮ ಆಡಳಿತಾಧಿಕಾರಿ ವಿಚಾರಣೆಗೆ ಬಂದಾಗಲೇ ದಾಖಲೆಯೊಂದಿಗೆ ವಿವರಿಸಬೇಕು. ಪ್ರಮಾಣಪತ್ರ ಕೈಗೆ ಬಂದ ಮೇಲೆ ಆ ಮಾತನ್ನು ಎತ್ತುವುದು ಕಷ್ಟ.

ಕರಾವಳಿಯ ಕಥೆ ಬೇರೆ. ಬೈತಖೋಲ, ತದಡಿ, ಹೊನ್ನಾವರದ ಬೋಟುಗಳಲ್ಲಿ ದುಡಿಯುವವರಿಗೆ ಸಿಗುವುದು ತಿಂಗಳ ಸಂಬಳವಲ್ಲ, ಹಿಡಿದ ಮೀನಿನಲ್ಲಿ ಪಾಲು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವುದರಿಂದ, ಕಾಲೇಜುಗಳು ಪ್ರವೇಶ ಶುಲ್ಕ ಕೇಳುವ ದಿನಗಳಲ್ಲೇ ಈ ಮನೆಗಳಲ್ಲಿ ನಗದು ಇರುವುದಿಲ್ಲ. ವಾರ್ಷಿಕ ಆದಾಯ ಎಂಬ ಕಲ್ಪನೆಯೇ ಇದನ್ನು ಕಾಣಲಾರದು. ನನ್ನ ಮಟ್ಟಿಗೆ ಹೇಳುವುದಾದರೆ, ಈ ಯೋಜನೆಗಳ ದೊಡ್ಡ ಕೊರತೆ ಮಿತಿ ಎಷ್ಟು ಎನ್ನುವುದರಲ್ಲಿಲ್ಲ. ಒಂದೇ ಗೆರೆ ಎಳೆದು, ಗೆರೆಯ ಆಚೆ ಒಂದು ರೂಪಾಯಿ ಹೆಚ್ಚಾದವರಿಗೆ ಏನೂ ಇಲ್ಲ ಎನ್ನುವುದರಲ್ಲಿದೆ. ಆ ಗೆರೆಯಿಂದ ಮೊದಲು ಪೆಟ್ಟು ತಿನ್ನುವುದು ಕಾರವಾರದ ಯಾವುದೋ ಕಚೇರಿಯಲ್ಲಿ ಗುಮಾಸ್ತರಾಗಿ ಒಬ್ಬರ ಸಂಬಳದಲ್ಲಿ ಮನೆ ನಡೆಸುವವರು, ದೊಡ್ಡ ತೋಟದವರಲ್ಲ. ಇದನ್ನು ಬರೆದರೆ ನಮ್ಮವರಲ್ಲೇ ಕೆಲವರಿಗೆ ಸಿಟ್ಟು ಬರುತ್ತದೆಂದು ಗೊತ್ತು.

ಅಮೆರಿಕದ ವಿಶ್ವವಿದ್ಯಾಲಯಗಳಿಗೆ ಹೋಗುವ ಯೋಚನೆಯಿರುವವರು ಅಲ್ಲಿ ಆಸ್ತಿಯನ್ನೂ ಕೇಳುತ್ತಾರೆ ಎಂಬುದನ್ನು ನೆನಪಿಡಬೇಕು. ಹಾರ್ವರ್ಡ್, ಪ್ರಿನ್ಸ್‌ಟನ್‌ನಂಥ ಕಡೆ ಪ್ರತಿಭೆಗೆಂದು ಪ್ರತ್ಯೇಕ ವಿದ್ಯಾರ್ಥಿವೇತನವೇ ಇಲ್ಲ. ಪ್ರತಿಭೆಯಿಂದ ಪ್ರವೇಶ, ಅಗತ್ಯದಿಂದ ನೆರವು. ಹಲವು ಖಾಸಗಿ ಕಾಲೇಜುಗಳು ಬಳಸುವ ಸಿಎಸ್‌ಎಸ್ ಪ್ರೊಫೈಲ್ ಎಂಬ ಅರ್ಜಿಯಲ್ಲಿ ಮನೆ, ಜಮೀನು, ವ್ಯಾಪಾರದ ಬೆಲೆಯನ್ನೂ ಬರೆಯಬೇಕು. ಎರಡು ಎಕರೆ ಅಡಿಕೆ ತೋಟದ ಮಾರುಕಟ್ಟೆ ಬೆಲೆಯನ್ನೂ ಲೆಕ್ಕಕ್ಕೆ ಹಿಡಿದರೆ, ಇಲ್ಲಿ ಆದಾಯ ಮಿತಿಯ ಒಳಗಿದ್ದ ಕುಟುಂಬ ಅಲ್ಲಿ ಉಳ್ಳವರಂತೆ ಕಾಣಬಹುದು.

ಸಿಕ್ಕ ವಿದ್ಯಾರ್ಥಿವೇತನ ಉಳಿಯುವುದು ಇನ್ನೊಂದು ಮಾತು. ಕೇಂದ್ರದ ಯೋಜನೆಯಲ್ಲಿ ಪ್ರತಿವರ್ಷ ನವೀಕರಣಕ್ಕೆ ಶೇಕಡಾ 50 ಅಂಕ, ಶೇಕಡಾ 75 ಹಾಜರಾತಿ ಬೇಕು. ಅಂಕಕ್ಕಿಂತ ಹಾಜರಾತಿಯ ಬಗ್ಗೆಯೇ ನನಗೆ ಹೆಚ್ಚು ಆತಂಕ, ಏಕೆಂದರೆ ಅಡಿಕೆ ಕೊಯ್ಲಿನ ದಿನಗಳಲ್ಲಿ ಮನೆಯಲ್ಲಿ ಉಳಿಯುವ ಹುಡುಗರೂ, ಸಿದ್ದಾಪುರ, ಜೊಯಿಡಾ ಕಡೆಯ ಹಳ್ಳಿಗಳಿಂದ ಬಸ್ಸು ತಪ್ಪಿ ಮೊದಲ ತರಗತಿ ಕಳೆದುಕೊಳ್ಳುವವರೂ ನಮ್ಮಲ್ಲಿ ಕಡಿಮೆಯಿಲ್ಲ. ಹಾಗೆಯೇ ಈ ಯೋಜನೆಯನ್ನು ಪಡೆಯುವವರು ರಾಜ್ಯದ ವಿದ್ಯಾರ್ಥಿವೇತನವನ್ನೋ ಶುಲ್ಕ ಮರುಪಾವತಿಯನ್ನೋ ಜೊತೆಗೆ ಪಡೆಯುವಂತಿಲ್ಲ. ಎಸ್‌ಎಸ್‌ಪಿಯಲ್ಲೂ (ರಾಜ್ಯದ ವಿದ್ಯಾರ್ಥಿವೇತನ ಪೋರ್ಟಲ್) ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲೂ ಅರ್ಜಿ ಹಾಕಿ ಯಾವುದು ಬರುತ್ತದೋ ನೋಡೋಣ ಎಂದು ಕೂರುವ ಬದಲು, ಶುಲ್ಕ ಕಡಿಮೆಯಿರುವ ಸರ್ಕಾರಿ ಕಾಲೇಜಿನ ಬಿಕಾಂಗೆ 12,000 ರೂಪಾಯಿಯೇ ಹೆಚ್ಚಾದೀತೇ, ಎಂಜಿನಿಯರಿಂಗ್ ಆದರೆ ರಾಜ್ಯದ ಶುಲ್ಕ ಮರುಪಾವತಿಯೇ ಲಾಭವೇ ಎಂಬ ಲೆಕ್ಕವನ್ನು ಮೊದಲ ವರ್ಷದಲ್ಲೇ ಕಾಲೇಜಿನ ಕಚೇರಿಯಲ್ಲಿ ಕುಳಿತು ಮಾಡಿಕೊಳ್ಳಬೇಕು. ವಿದ್ಯಾರ್ಥಿಯ ಹೆಸರಿನ ಖಾತೆಗೆ ಆಧಾರ್ ಜೋಡಣೆಯಾಗಿದೆಯೇ ಎಂದು ಬ್ಯಾಂಕಿನಲ್ಲಿ ಕೇಳುವುದೂ ಅದೇ ದಿನ ಆಗಿಬಿಡಲಿ.