ನೀರಿಗೆ ಬಿಟ್ಟ ಮೂರು ಗುಂಟೆ

2021ರ ನವೆಂಬರಿನ ಮೂರನೆಯ ವಾರದಲ್ಲಿ ನಾನು ಶಾಲೆಗೆ ರಜೆ ಹಾಕಿ, ರಾಗಿ ಕೊಯ್ಲಿಗೆಂದು ಮುಳಬಾಗಿಲು ತಾಲ್ಲೂಕಿನ ನಮ್ಮೂರಿಗೆ ಬಂದಿದ್ದೆ. ಕೊಯ್ದ ರಾಗಿ ಹೊಲದಲ್ಲಿ ಅರಿಯಾಗಿ ಬಿದ್ದಿತ್ತು. ಅದನ್ನು ಕಟ್ಟಿ ಮೆದೆ ಹಾಕುವ ಮೊದಲೇ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತದ ಮಳೆ ಹಿಡಿದುಕೊಂಡಿತು. ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲದ, ಕೆರೆಗಳನ್ನೇ ನಂಬಿ ಬದುಕಿದ ಕೋಲಾರ ಜಿಲ್ಲೆಯಲ್ಲಿ ಹುಟ್ಟಿ ಬೆಳೆದ ನನಗೆ, ಮಳೆ ನಿಂತರೆ ಸಾಕೆಂದು ದೇವರ ಮುಂದೆ ದೀಪ ಹಚ್ಚಿದ್ದು ಅದೇ ಮೊದಲು.

ಬೆಳಕು ಹರಿಯುವ ಮುನ್ನವೇ ಅಪ್ಪ ತಲೆಯ ಮೇಲೆ ಗೊಬ್ಬರದ ಚೀಲವನ್ನು ಕೊಪ್ಪೆಯಾಗಿ ಹಾಕಿಕೊಂಡು, ಗುದ್ದಲಿ ಹಿಡಿದು ಹೊರಟಿದ್ದರು. ಅವರಿಗೆ ಆಗ 73 ವರ್ಷ. ಅಮ್ಮ ಬಾಗಿಲಿಗೆ ಅಡ್ಡ ನಿಂತರು. "ಕೋಡಿ ಕಟ್ಟಿಕೊಂಡಿದ್ದರೆ ಮೇಲಿನ ಬದು ನಿಲ್ಲುವುದಿಲ್ಲ. ಅಮ್ಮಣ್ಣಿ, ನೀನೂ ಒಂದು ಕುಡುಗೋಲು ತಗೊಂಡು ಬಾ" ಎಂದು ನನ್ನನ್ನು ಕರೆದು, ಅಮ್ಮನ ಪಕ್ಕದಿಂದ ನುಸುಳಿ ಅಂಗಳಕ್ಕೆ ಇಳಿದರು.

ಅಪ್ಪ ಕೃಷಿ ಇಲಾಖೆಯ ಭೂಸಂರಕ್ಷಣೆಯ ಕೆಲಸಕ್ಕೆ 1970ರಲ್ಲಿ ಸೇರಿ 2006ರಲ್ಲಿ ನಿವೃತ್ತರಾದವರು. ಡಂಪಿ ಲೆವೆಲ್ ಹಿಡಿದು ಇಳಿಜಾರು ಅಳೆಯುವುದು, ಒಂದೇ ಎತ್ತರದಲ್ಲಿರುವ ಬಿಂದುಗಳನ್ನು ಸುಣ್ಣದ ಪುಡಿಯಿಂದ ಗುರುತಿಸುವುದು, ಆ ಗೆರೆಯ ಮೇಲೆ ಬದು ಹಾಕಿಸುವುದು ಅವರ ನಿತ್ಯದ ಕೆಲಸವಾಗಿತ್ತು. ಶನಿವಾರ ಕೊನೆಯ ಬಸ್ಸಿಗೆ ಮನೆಗೆ ಬಂದರೆ ಭಾನುವಾರ ನಮ್ಮೂರಿನ ಹೊಲಗಳ ಕೆಲಸ. ನೀರು ತುಂಬಿದ ಪಾರದರ್ಶಕ ಕೊಳವೆಯ ಎರಡು ತುದಿಗಳನ್ನು ಎರಡು ಕೋಲುಗಳಿಗೆ ಕಟ್ಟಿ, ಒಂದನ್ನು ಹತ್ತು ವರ್ಷದ ನನ್ನ ಕೈಗೆ ಕೊಟ್ಟು, ಎರಡೂ ಕೋಲುಗಳಲ್ಲಿ ನೀರು ಒಂದೇ ಗುರುತಿಗೆ ನಿಲ್ಲುವವರೆಗೆ ನನ್ನನ್ನು ಮೇಲಕ್ಕೂ ಕೆಳಕ್ಕೂ ನಡೆಸುತ್ತಿದ್ದರು. ವಾರದಲ್ಲಿ ಒಂದೇ ದಿನ ಸಿಗುತ್ತಿದ್ದ ಅಪ್ಪನ ಜೊತೆ ಇರಲು ನನಗೆ ಅದೇ ದಾರಿಯಾಗಿತ್ತು. ಗುಣಾಕಾರವನ್ನೂ ನಾನು ಅಲ್ಲಿಯೇ ಕಲಿತೆ. ಎಕರೆ ಹೊಲದಿಂದ ಒಂದು ಮಿಲಿಮೀಟರ್ ಮಣ್ಣು ಕೊಚ್ಚಿಹೋದರೆ ಅದು ನಾಲ್ಕು ಘನ ಮೀಟರ್, ತೂಕದಲ್ಲಿ ಐದು ಟನ್ನಿಗೂ ಹೆಚ್ಚು. ಒಂದು ಜೋರು ಮಳೆಗೆ ಅಷ್ಟು ಹೋದರೂ ಕಣ್ಣಿಗೆ ಕಾಣುವುದಿಲ್ಲ ಎಂದು ಅವರು ಲೆಕ್ಕ ಮಾಡಿಸಿ ತೋರಿಸಿದ್ದರು.

ಆದರೆ ಅವರ ಕೆಲಸದಲ್ಲಿ ಅಳತೆ ಸುಲಭದ ಭಾಗವಾಗಿತ್ತು. ನಮ್ಮ ಕಡೆ ಪಾಲಾಗುವಾಗ ಹೊಲವನ್ನು ಇಳಿಜಾರಿನ ಉದ್ದಕ್ಕೆ ಸೀಳುತ್ತಾರೆ. ಮೇಲಿನ ಗರಸು ನೆಲವೂ ಕೆಳಗಿನ ಒಳ್ಳೆಯ ನೆಲವೂ ಎಲ್ಲರಿಗೂ ಸಮನಾಗಿ ಬರಲೆಂಬ ನ್ಯಾಯ ಅದರಲ್ಲಿದೆ. ಹಾಗೆ ಸೀಳಿದ ಮೇಲೆ ಉಳುಮೆಯೂ ಮೇಲಿನಿಂದ ಕೆಳಕ್ಕೆ ನಡೆಯುತ್ತದೆ, ನೇಗಿಲ ಸಾಲೇ ನೀರಿಗೆ ಕಾಲುವೆಯಾಗುತ್ತದೆ. ಬದುವಾದರೋ ಈ ಪಾಲುಗಳನ್ನೆಲ್ಲ ಅಡ್ಡಲಾಗಿ ದಾಟಿ ಹೋಗಬೇಕು. ಯಾರದೋ ಪಾಲಿನಲ್ಲಿ ಮಣ್ಣು ತೆಗೆಯಬೇಕು, ಇನ್ಯಾರದೋ ಪಾಲಿನಲ್ಲಿ ಹೆಚ್ಚುವರಿ ನೀರು ಹೊರಹೋಗುವ ಕೋಡಿ ಬರಬೇಕು. ಅಪ್ಪನ ಸಂಜೆಗಳೆಲ್ಲ ಕಳೆದದ್ದು ಮಾತು ಬಿಟ್ಟ ದಾಯಾದಿಗಳ ಜಗುಲಿಗಳ ಮೇಲೆ. ಕೋಲಾರವೂ ಸೇರಿ ಐದು ಜಿಲ್ಲೆಗಳಲ್ಲಿ ಸುಜಲ ಜಲಾನಯನ ಯೋಜನೆ ನಡೆದ ಕಾಲದಲ್ಲಿ, 2003ರಲ್ಲಿ, ನಮ್ಮೂರಿನ ಇಳಿಜಾರಿಗೂ ಬದು ಬಂತು. ಎಲ್ಲ ಕೋಡಿಗಳ ನೀರು ಹಳ್ಳಕ್ಕೆ ಇಳಿಯಲು ಬೇಕಾದ ದಾರಿಗೆ ಯಾರೂ ಜಾಗ ಬಿಡಲಿಲ್ಲ. ಅಪ್ಪ ನಮ್ಮ ಎರಡೂಕಾಲು ಎಕರೆಯಲ್ಲಿ ಮೂರು ಗುಂಟೆಯನ್ನು, ಅದೂ ಅಮ್ಮ ಅವರೆ ಹಾಕುತ್ತಿದ್ದ ಮೂಲೆಯನ್ನು, ಮನೆಯಲ್ಲಿ ಒಂದು ಮಾತೂ ಕೇಳದೆ ಬಿಟ್ಟುಕೊಟ್ಟು ಬಂದರು. ಕೇಳದೆ ಕೊಟ್ಟದ್ದು ತಪ್ಪೆಂದು ನಾನು ಇಂದಿಗೂ ಭಾವಿಸುತ್ತೇನೆ. ಸಂಬಳದ ದಿನವೂ ಹಬ್ಬದ ದಿನವೂ ಅಮ್ಮ ಆ ಮೂರು ಗುಂಟೆಯನ್ನು ಮರೆಯಲಿಲ್ಲ.

ಆ ದಿನ ನಾವು ಹೋಗುವಷ್ಟರಲ್ಲಿ ಮೇಲಿನ ಹೊಲದ ಬದು ಒಂದು ಮಾರಿನಷ್ಟು ಅಗಲಕ್ಕೆ ಕಿತ್ತುಹೋಗಿ, ಕೆಂಪು ನೀರು ಅದರೊಳಗಿನಿಂದ ಬೋರ್ಗರೆದು ಇಳಿಯುತ್ತಿತ್ತು. ಆ ಹೊಲ ಅಣ್ಣತಮ್ಮಂದಿರಿಬ್ಬರದು. ಪಾಲಾದ ಮೇಲೆ ಅವರಲ್ಲಿ ಮಾತಿರಲಿಲ್ಲ. ಒಡೆದದ್ದು ಅಣ್ಣನ ಪಾಲಿನಲ್ಲಿ. ಅವರು ಮರಳಿನ ಚೀಲ ಹೊತ್ತು ತಂದು ಅಲ್ಲಿಗೇ ಹಾಕಲು ಹೊರಟಿದ್ದರು. ಅಪ್ಪ ಅವರ ತೋಳು ಹಿಡಿದು, "ಒಡೆದದ್ದು ಆಮೇಲೆ, ಮೊದಲು ಕೋಡಿ ಬಿಡಿಸಪ್ಪ" ಎಂದರು. ಕೋಡಿ ಇದ್ದದ್ದು ತಮ್ಮನ ಪಾಲಿನಲ್ಲಿ. ಕೊಚ್ಚಿ ಬಂದ ರಾಗಿ ಹುಲ್ಲು ಲಂಟಾನದ ಪೊದೆಗೆ ಸಿಕ್ಕಿಕೊಂಡು ಕೋಡಿಗೆ ಬಿರಡೆ ಹಾಕಿದಂತಾಗಿತ್ತು. ನೀರಿಗೆ ಹೊರದಾರಿ ಇಲ್ಲದಾಗ ಒಡೆದಲ್ಲಿ ಮುಚ್ಚಿದರೆ ಅದು ಇನ್ನೊಂದು ತಗ್ಗಿನಲ್ಲಿ ಹತ್ತುತ್ತದೆ. ಒಂದು ಬದುವಿನ ಹಿಂದೆ ನಿಂತ ನೀರು ಒಮ್ಮೆಗೇ ಇಳಿದರೆ ಕೆಳಗಿನ ಬದು ತಾಳುವುದಿಲ್ಲ, ಅದರ ಕೆಳಗಿನದೂ ತಾಳುವುದಿಲ್ಲ. ಬದು ಎಷ್ಟು ಮೀಟರ್ ಆಯಿತೆಂದು ಎಲ್ಲರೂ ಲೆಕ್ಕ ಬರೆದಿಡುತ್ತಾರೆ, ಕೋಡಿಯನ್ನು ವರ್ಷಕ್ಕೊಮ್ಮೆ ಯಾರು ಬಿಡಿಸುತ್ತಾರೆಂದು ಯಾರೂ ಬರೆದಿಡುವುದಿಲ್ಲ.

ಅಣ್ಣ ಒಂದು ಗಳಿಗೆ ಗಡಿಗಲ್ಲಿನ ಬಳಿ ನಿಂತರು. ಆಮೇಲೆ ಕಲ್ಲು ದಾಟಿ ತಮ್ಮನ ಪಾಲಿಗೆ ಇಳಿದು ಪೊದೆಗೆ ಮಚ್ಚು ಹಾಕಿದರು. ಎದುರಿನಿಂದ ತಮ್ಮನೂ ಓಡಿ ಬಂದು, ಏನೂ ಕೇಳದೆ ಇನ್ನೊಂದು ಬದಿಯಿಂದ ಎಳೆಯತೊಡಗಿದರು. ನಾನು ಕುಡುಗೋಲಿನಿಂದ ಹುಲ್ಲು ಕೊಯ್ದು ಎಸೆದೆ. ಅರ್ಧ ಗಂಟೆಯಲ್ಲಿ ಕೋಡಿಗಲ್ಲು ಕಂಡಿತು. ನೀರು ಅದರ ಮೇಲೆ ಹಾಸಿದಂತೆ ಹರಿದು, ಗರಿಕೆಯೂ ಲಾವಂಚವೂ ಒತ್ತಾಗಿ ಬೆಳೆದಿದ್ದ ನಮ್ಮ ಮೂರು ಗುಂಟೆಗೆ ಇಳಿದು ಹಳ್ಳ ಸೇರಿತು. ಕೆಳಗಿನ ನಾಲ್ಕು ಬದುಗಳು ನಿಂತವು. ಅಪ್ಪ ಮಾತ್ರ ಕೆಸರಿನಲ್ಲೇ ಕುಳಿತುಬಿಟ್ಟರು, ಕಾಲು ನಡುಗುತ್ತಿತ್ತು. ಅಣ್ಣತಮ್ಮಂದಿರು ಎರಡು ಕಡೆ ಹಿಡಿದು ಅವರನ್ನು ಮನೆಗೆ ತಂದರು. ಅಮ್ಮ ಮೂವರಿಗೂ ಬಿಸಿ ಕಾಫಿ ಕೊಟ್ಟು, ಅಪ್ಪನ ಜೊತೆ ಮಾತಾಡದೆಯೇ ಅವರ ಪಾದಗಳನ್ನು ಬೂದಿ ಹಾಕಿ ತಿಕ್ಕಿದರು.

ನಮ್ಮ ರಾಗಿ ಉಳಿಯಲಿಲ್ಲ. ಅರಿಯಲ್ಲಿದ್ದ ತೆನೆಗಳು ಮೊಳೆತವು, ಹುಲ್ಲು ಕಪ್ಪಾಯಿತು. ಊರಲ್ಲಿ ಎಲ್ಲರದೂ ಅದೇ ಪಾಡಾಗಿತ್ತು.

ಮಳೆ ಹೊಳವಾಗಿ ನೆಲ ಆರಿದ ಮೇಲೆ ಅಪ್ಪ ನಮ್ಮ ಬದುವಿನ ಹಿಂದಿನ ಕಂದಕದಲ್ಲಿ ಕಡ್ಡಿ ಚುಚ್ಚಿ ನೋಡಿದರು. ಒಂದು ಗೇಣು ನಾಲ್ಕು ಬೆರಳಿನಷ್ಟು ಮೆಕ್ಕಲು ತುಂಬಿತ್ತು. ಬದು ಒಡೆದಾಗ ಮೇಲಿನ ಹೊಲದಿಂದ ಇಳಿದು ಬಂದ ಮಣ್ಣು ಅದು. "ಅದು ಅವರ ಮಣ್ಣು, ಅವರಿಗೆ ಹಾಕಿಸಬೇಕು" ಎಂದರು. ಈ ಸಲ ಅಪ್ಪ ಅಮ್ಮನನ್ನು ಕೇಳಿದರು. ರಾಗಿ ಹೋಗಿದೆ, ತಾನಾಗಿ ಬಂದ ಮಣ್ಣನ್ನೂ ಕೊಟ್ಟುಬಿಡುವುದೇ ಎಂದು ಅಮ್ಮ ತುಂಬಾ ಹೊತ್ತು ವಾದ ಮಾಡಿ, ಕೊನೆಗೆ "ಟ್ರ್ಯಾಕ್ಟರ್ ಬಾಡಿಗೆ ಅವರದ್ದು" ಎಂದು ಒಪ್ಪಿದರು. ಡಿಸೆಂಬರ್ 5, ಭಾನುವಾರ ಕೆಲಸ ನಡೆಯಿತು. ಅದು ವಿಶ್ವ ಮಣ್ಣಿನ ದಿನವೆಂಬುದು ನನಗೆ ನೆನಪಾದದ್ದು, ಮರುದಿನ ಶಾಲೆಯ ಪ್ರಾರ್ಥನೆಯಲ್ಲಿ ನಾನು ಅದರ ಬಗ್ಗೆ ಮಾತಾಡಬೇಕಿದ್ದುದರಿಂದ. ಅಣ್ಣತಮ್ಮಂದಿರು ತಾವೇ ಕಂದಕ ತೋಡಿ, ತಾವೇ ತುಂಬಿ, ಸಂಜೆಯವರೆಗೆ ಏಳು ಲೋಡು ಮೇಲಕ್ಕೆ ಸಾಗಿಸಿದರು. ಎಂಟನೆಯ ಲೋಡು ತುಂಬಿದಾಗ ಟ್ರ್ಯಾಕ್ಟರ್ ಮೇಲಿನ ದಾರಿಗೆ ತಿರುಗಲಿಲ್ಲ. ಅಣ್ಣನವರು ಅದನ್ನು ನಮ್ಮ ಹಿತ್ತಲಿಗೆ ಹಿಂದು ಹಿಂದಾಗಿ ತಂದು ನಿಲ್ಲಿಸಿ, "ಅಕ್ಕಾ, ಅವರೆಗೆ ಎಲ್ಲಿ ಹಾಕಲಿ, ತೋರಿಸಿ" ಎಂದು ಅಮ್ಮನನ್ನು ಕರೆದರು.